ಗಾಲಿಯ ಮೇಲಣ ಮನೆ

ಹಳೆಯ ವ್ಯಾನೊಂದನ್ನು ಕೊಂಡು, ಅದರೊಳಗೆ ಹಾಸಿಗೆ, ಒಲೆ, ನೀರಿನ ಪಾತ್ರೆಗಳನ್ನು ಅಣಿಗೊಳಿಸಿ, ಊರಿನ ಮನೆಯನ್ನು ತೊರೆದು ದಾರಿಯಲ್ಲೇ ಬಾಳಹೊರಡುವವರು ಇಂದು ಪಾಶ್ಚಾತ್ಯ ದೇಶಗಳಲ್ಲಿ ಬಹು ಮಂದಿ. ಇದು ಈ ಕಾಲದ ಹೊಸ ಹುಚ್ಚೆಂದು ನಮಗೆ ತೋರಬಹುದು. ಆದರೆ ಇದಕ್ಕೊಂದು ಚರಿತ್ರೆಯುಂಟು. ಅದರಲ್ಲಿ ಹೊರಡುವ ಸಾಹಸಕ್ಕಿಂತ ನಿಲ್ಲುವ ಕಷ್ಟವೇ ದೊಡ್ಡದು.

ಇಂಗ್ಲೆಂಡನ್ನೇ ನೋಡೋಣ. ಅಲ್ಲಿ ಗಾಡಿಯನ್ನು ಮನೆಯಾಗಿಸಿಕೊಂಡವರಲ್ಲಿ ರೊಮಾನಿ ಜನರು ಪ್ರಮುಖರು. ಅವರ ನುಡಿಯ ಬೇರು ಭಾರತದಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಒಲೆ, ಮಂಚಗಳುಳ್ಳ ಕುದುರೆಗಾಡಿಗಳಲ್ಲಿ ಬಾಳತೊಡಗಿದರು. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾವೈದ್ಯನು ಬ್ರಿಸ್ಟಲಿನಲ್ಲಿ ಅಂಥದೇ ಗಾಡಿಯೊಂದನ್ನು ತನಗಾಗಿ ಕಟ್ಟಿಸಿದನು. ಅದರ ಹೆಸರು ‘ವಾಂಡರರ್’, ಎಂದರೆ ಅಲೆಮಾರಿ. ಎರಡು ಕುದುರೆಗಳು ಎಳೆಯುತ್ತಿದ್ದ ಆ ಗಾಡಿಯಲ್ಲಿ ಅವನು ದಕ್ಷಿಣ ಇಂಗ್ಲೆಂಡಿನ ಟ್ವೈಫರ್ಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನವರೆಗೆ ಪಯಣಿಸಿ, ಆ ಅನುಭವವನ್ನು ಪುಸ್ತಕವಾಗಿ ಬರೆದನು. 1907ರಲ್ಲಿ ಇಂಥ ಹವ್ಯಾಸಿಗಳ ಕ್ಯಾರವಾನ್ ಕ್ಲಬ್ಬು ಸ್ಥಾಪನೆಯಾಯಿತು.

ವಿಚಿತ್ರವೆಂದರೆ, ಸ್ಟೇಬಲ್ಸ್ ಪಯಣಿಸಿದ 1880ರ ದಶಕದಲ್ಲೇ ಜಾರ್ಜ್ ಸ್ಮಿತ್ ಎಂಬ ಸುಧಾರಕನು ಗಾಡಿಮನೆಗಳನ್ನೆಲ್ಲ ಸರಕಾರದ ದಾಖಲೆಗೆ ಸೇರಿಸಬೇಕೆಂದು ಮಸೂದೆಗಾಗಿ ಹೋರಾಡುತ್ತಿದ್ದನು. ಮಸೂದೆ ಗೆಲ್ಲಲಿಲ್ಲ. ಆದರೆ ಅದರ ಹಿಂದಿದ್ದ ಶಂಕೆ ಉಳಿಯಿತು. ಆ ಶಂಕೆಯ ಕ್ರೂರರೂಪವನ್ನು ನಾವೂ ಕಂಡಿದ್ದೇವೆ. ಬ್ರಿಟಿಷ್ ಸರಕಾರವು 1871ರಲ್ಲಿ ಜಾರಿಗೆ ತಂದ ಕಾಯಿದೆಯ ಬಲದಿಂದ ಇಲ್ಲಿನ ಎಷ್ಟೋ ಅಲೆಮಾರಿ ಸಮುದಾಯಗಳು ಹುಟ್ಟಿನಿಂದಲೇ ಅಪರಾಧಿಗಳೆನಿಸಿಕೊಂಡವು. ಆ ಬಗೆಯ ಕಾನೂನು ತೊಲಗಿದ್ದು 1952ರಲ್ಲಿ. ಉಳ್ಳವನು ಅಲೆದರೆ ವಿಹಾರ, ಇಲ್ಲದವನು ಅಲೆದರೆ ಅಪರಾಧ!

ಮೋಟಾರು ಬಂದರೂ ಈ ನ್ಯಾಯ ಬದಲಾಗಲಿಲ್ಲ. 1950ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆಯಿಂದ ಡಬ್ಬಿಯಾಕಾರದ ವ್ಯಾನು ಹೊರಬಂದಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಸಂಸ್ಥೆಯು ಅದರೊಳಗೆ ಇಟ್ಟು ತೆಗೆಯಬಹುದಾದ ಬಿಡಾರದ ಸಾಮಗ್ರಿಯನ್ನು ಸಿದ್ಧಪಡಿಸಿತು. ವಾರವೆಲ್ಲ ಸರಕು ಹೊರುವ ಬಂಡಿ, ರಜೆ ಬಂದೊಡನೆ ಮನೆ! ಇಂಥ ವಾಹನಗಳು ಹಳತಾಗಿ ಅಗ್ಗವಾದಾಗ, ಬಾಡಿಗೆ ತೆರಲಾರದ ಬಡವರ ಕೈಗೂ, ಮನೆಯೇ ಬೇಡವೆಂಬ ತರುಣರ ಕೈಗೂ ಸೇರಿದವು. 1970ರ ದಶಕದಿಂದ ಬ್ರಿಟನ್ನಿನಲ್ಲಿ ಹಳೆಯ ಬಸ್ಸು, ವ್ಯಾನುಗಳ ಸಾಲುಗಳು ಉತ್ಸವದಿಂದ ಉತ್ಸವಕ್ಕೆ ಸಾಗತೊಡಗಿದವು.

1985ರ ಜೂನ್ 1ರಂದು ಸ್ಟೋನ್‌ಹೆಂಜಿನತ್ತ ಹೊರಟಿದ್ದ ಅಂಥದೊಂದು ಸಾಲನ್ನು ಪೊಲೀಸರು ತಡೆದರು. ಗಾಜುಗಳು ಪುಡಿಯಾದವು, ಐನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ವಾಹನ ಒಡೆದರೆ ಬೇರೆಯವರಿಗೆ ರಿಪೇರಿಯ ಖರ್ಚು ಬಂದೀತು. ಇವರಿಗೆ ಒಡೆದದ್ದು ಮನೆ.

ಅಲೆಮಾರಿಗಳಿಗೆ ಬಿಡಾರದ ಸ್ಥಳ ಒದಗಿಸುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯವೆಂದು 1968ರ ಕಾಯಿದೆ ವಿಧಿಸಿತ್ತು. 1994ರ ಕಾಯಿದೆ ಆ ಕರ್ತವ್ಯವನ್ನು ಅಳಿಸಿತು. 2022ರ ಕಾಯಿದೆಯಂತೂ, ಒಪ್ಪಿಗೆಯಿಲ್ಲದ ನೆಲದಲ್ಲಿ ಬಿಡಾರ ಹೂಡಿ ಹಾನಿಯುಂಟುಮಾಡಿದರೆಂಬ ದೂರಿನ ಮೇಲೆ, ಹೋಗೆಂದರೂ ಹೋಗದವರ ವಾಹನವನ್ನು ವಶಪಡಿಸಿಕೊಳ್ಳಲು ಅವಕಾಶವಿತ್ತಿತು.

ನೆಲದೊಡೆಯನಿಗೂ ಹಕ್ಕುಗಳುಂಟು, ನಿಜ. ಆದರೆ ನಿಲ್ಲಲು ತಾವೇ ಇಲ್ಲದಲ್ಲಿ ಸಂಚಾರದ ಸ್ವಾತಂತ್ರ್ಯಕ್ಕೆ ಅರ್ಥವೇನು? ಹಗಲೆಲ್ಲ ಓಡಿದ ಗಾಡಿಯೂ ಕತ್ತಲಾದೊಡನೆ ಎಲ್ಲಿಯಾದರೂ ನಿಲ್ಲಲೇಬೇಕು. ಜಂಗಮಕ್ಕೂ ಅಂಗೈಯಗಲದ ಸ್ಥಾವರ ಬೇಕು. ಅದನ್ನು ಕೊಡುವ ನಾಡಿನಲ್ಲಿ ಮಾತ್ರ ಹಳೆಯ ವ್ಯಾನೊಂದು ಮನೆಯಾದೀತು.