ಪಾರ್ಶ್ವವಾಯು ತಡೆಯಲು ಕತ್ತಿನ ಶಸ್ತ್ರಚಿಕಿತ್ಸೆ

ಕತ್ತಿನ ಎರಡೂ ಪಕ್ಕದಲ್ಲಿ ಕೆರೊಟಿಡ್ ಅಪಧಮನಿಗಳಿವೆ. ದವಡೆಯ ಮೂಲೆಯ ಕೆಳಗೆ ಪ್ರತಿಯೊಂದೂ ಕವಲೊಡೆದು, ಹೊರಕವಲು ಮುಖಕ್ಕೂ ಒಳಕವಲು ಮಿದುಳು ಮತ್ತು ಕಣ್ಣಿಗೂ ರಕ್ತ ಒಯ್ಯುತ್ತದೆ. ಈ ಕವಲಿನಲ್ಲಿ ಕೊಬ್ಬು ಮತ್ತು ಕ್ಯಾಲ್ಸಿಯಂ ಸೇರಿದ ಗಡಸು ಪದರ ಬೆಳೆಯುವುದುಂಟು. ಅದನ್ನು ಬಿಡಿಸಿ ತೆಗೆಯುವ ಶಸ್ತ್ರಚಿಕಿತ್ಸೆಗೆ ಕೆರೊಟಿಡ್ ಎಂಡಾರ್ಟರೆಕ್ಟಮಿ ಎಂದು ಹೆಸರು.

ಕಿರು ಪಾರ್ಶ್ವವಾಯು

ಈ ಪದರದಿಂದ ನಾಳ ಕಿರಿದಾಗುವುದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಪದರ ಬಿರಿದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪಿನ ಚೂರು ಕಳಚಿಕೊಂಡು ಮಿದುಳಿನ ನಾಳವನ್ನು ಮುಚ್ಚುತ್ತದೆ. ಚೂರು ಬೇಗ ಕರಗಿದರೆ ಲಕ್ಷಣಗಳು ನಿಮಿಷಗಳಲ್ಲೇ ಮಾಯವಾಗಬಹುದು; ಇದೇ ಕಿರು ಪಾರ್ಶ್ವವಾಯು. ಬಲಗತ್ತಿನ ನಾಳ ಕೆಟ್ಟಿದ್ದರೆ ಎಡಗೈ, ಎಡಗಾಲು ಸೋಲುತ್ತವೆ. ದೃಷ್ಟಿ ಮಾತ್ರ ಬಲಗಣ್ಣಿನಲ್ಲೇ ಕವಿಯುತ್ತದೆ. ಎಲ್ಲ ಸರಿಹೋಯಿತೆಂದು ರೋಗಿ ಮನೆಯಲ್ಲೇ ಉಳಿಯುವುದು ಅತ್ಯಂತ ದುಃಖದ ಸಂಗತಿ, ಏಕೆಂದರೆ ಪೂರ್ಣ ಪಾರ್ಶ್ವವಾಯುವಿನ ಸಾಧ್ಯತೆ ಮುಂದಿನ ಕೆಲವು ದಿನಗಳಲ್ಲೇ ಹೆಚ್ಚು. ಆದ್ದರಿಂದ ಶಸ್ತ್ರಚಿಕಿತ್ಸೆ ಅಗತ್ಯವಿದ್ದವರಿಗೆ ಅದನ್ನು ಎರಡು ವಾರಗಳೊಳಗೆ ಮಾಡುವುದು ಉತ್ತಮ.

ಶಸ್ತ್ರಚಿಕಿತ್ಸೆಯ ಕ್ರಮ

ನಾಳ ಎಷ್ಟು ಕಿರಿದಾಗಿದೆ ಎಂಬುದನ್ನು ಡಾಪ್ಲರ್ ಸ್ಕ್ಯಾನಿಂಗ್ ತೋರಿಸುತ್ತದೆ. ಶಸ್ತ್ರವೈದ್ಯರು ಕತ್ತನ್ನು ಕೊಯ್ದು, ಹೆಪ್ಪು ತಡೆಯುವ ಹೆಪಾರಿನ್ ಕೊಟ್ಟು, ಅಪಧಮನಿಗೆ ಮೇಲೂ ಕೆಳಗೂ ಕ್ಲಾಂಪ್ ಹಾಕಿ ರಕ್ತದ ಹರಿವನ್ನು ತಡೆಯುತ್ತಾರೆ. ಅಷ್ಟು ಹೊತ್ತು ಮಿದುಳಿಗೆ ಉಳಿದ ನಾಳಗಳ ರಕ್ತವೇ ಆಧಾರ. ಅದು ಸಾಲದಿದ್ದರೆ ಷಂಟ್ ಎಂಬ ಸಣ್ಣ ಕೊಳವೆಯ ಮೂಲಕ ರಕ್ತ ಹರಿಸುತ್ತಾರೆ. ಕತ್ತಿಗಷ್ಟೇ ಅರಿವಳಿಕೆ ಕೊಡುವ ಕ್ರಮವೂ ಇದೆ. ಆಗ ಎಚ್ಚರವಿರುವ ರೋಗಿಯನ್ನು ಮಾತನಾಡಿಸಿ, ಕೈ ಮುಷ್ಟಿ ಬಿಗಿಯಲು ಹೇಳಿ ಮಿದುಳಿನ ಸ್ಥಿತಿಯನ್ನು ನೇರವಾಗಿ ತಿಳಿಯಬಹುದು. ನಾಳವನ್ನು ಉದ್ದಕ್ಕೆ ಸೀಳಿ, ಗಡಸು ಪದರವನ್ನು ಒಳಗೋಡೆಯ ಸಮೇತ ಬಿಡಿಸಿದ ಮೇಲೆ ಸಾಮಾನ್ಯವಾಗಿ ತೇಪೆಯಿಟ್ಟು ಹೊಲಿಯುತ್ತಾರೆ.

ಯಾರಿಗೆ ಉಪಯುಕ್ತ

ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೈಕಲ್ ಡಿಬೇಕಿ 1953ರಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ಯಶಸ್ವಿಯಾಗಿ ಮಾಡಿದರು. ಅದರ ಪ್ರಯೋಜನ ಖಚಿತವಾದದ್ದು 1991ರಲ್ಲಿ. ಲಕ್ಷಣ ಕಂಡಿದ್ದು, ನಾಳ ಶೇ 70ಕ್ಕಿಂತ ಹೆಚ್ಚು ಕಿರಿದಾಗಿದ್ದವರ ಮೇಲೆ ಉತ್ತರ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ, ಔಷಧಿ ಮಾತ್ರ ಪಡೆದವರಿಗೆ ಎರಡು ವರ್ಷಗಳಲ್ಲಿ ಅದೇ ಪಕ್ಕದ ಪಾರ್ಶ್ವವಾಯುವಿನ ಸಂಭವ ಶೇ 26 ಇತ್ತು. ಶಸ್ತ್ರಚಿಕಿತ್ಸೆಯೂ ಆದವರಲ್ಲಿ ಅದು ಶೇ 9ಕ್ಕೆ ಇಳಿಯಿತು. ಶೇ 50ಕ್ಕಿಂತ ಕಡಿಮೆ ಕಿರಿದಾಗಿದ್ದರೆ ಪ್ರಯೋಜನವಿಲ್ಲ. ಪೂರ್ತಿ ಮುಚ್ಚಿದ ನಾಳವನ್ನು ಸಾಮಾನ್ಯವಾಗಿ ತೆರೆಯುವುದಿಲ್ಲ. ಲಕ್ಷಣವೇ ಇಲ್ಲದವರಿಗೆ ಲಾಭ ಕಡಿಮೆ.

ಅಪಾಯಗಳು

ತಡೆಯಬೇಕಾದ ಪಾರ್ಶ್ವವಾಯುವೇ ಶಸ್ತ್ರಚಿಕಿತ್ಸೆಯ ವೇಳೆ ಉಂಟಾಗಬಹುದು. ಹಾಗಾಗಿ ವೈದ್ಯರ ಅನುಭವ ಇಲ್ಲಿ ನಿರ್ಣಾಯಕ. ಪಕ್ಕದ ನರಗಳಿಗೆ ಪೆಟ್ಟಾದರೆ ದನಿ ಒಡೆಯುತ್ತದೆ, ನಾಲಿಗೆ ಒಂದು ಪಕ್ಕಕ್ಕೆ ವಾಲುತ್ತದೆ. ಬಹುಪಾಲು ಇವು ತಾತ್ಕಾಲಿಕ. ಕತ್ತು ಕೊಯ್ಯದೆ ನಾಳದೊಳಗೆ ಸ್ಟೆಂಟ್ ಇಡುವ ವಿಧಾನವೂ ಇದೆ. ಆದರೆ ವಯಸ್ಸಾದವರಲ್ಲಿ ಅದು ಪಾರ್ಶ್ವವಾಯು ತರುವ ಸಂಭವ ಹೆಚ್ಚು. ಎರಡರಲ್ಲಿ ಯಾವುದನ್ನು ಮಾಡಿದರೂ ಆಸ್ಪಿರಿನ್‌ನಂಥ ಔಷಧಿ, ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮತ್ತು ರಕ್ತದೊತ್ತಡದ ಹತೋಟಿ ಮುಂದೆಯೂ ಬೇಕು, ಧೂಮಪಾನ ನಿಲ್ಲಲೇಬೇಕು.