ಸೋಮವಾರದ ಒಪ್ಪೊತ್ತು, ಡಬ್ಬದ ಬಸಳೆ

ಯುದ್ಧದ ಚರಿತ್ರೆಯನ್ನು ಬರೆಯುವವರ ದೃಷ್ಟಿ ರಣರಂಗದ ಕಡೆಗೆ ಹರಿಯುವುದು ಸಹಜವೇ ಸರಿ. 1965ರ ಮಾತೆತ್ತಿದರೆ ಹಾಜಿಪೀರ್ ಕಣಿವೆ, ಲಾಹೋರಿನ ರಂಗ, ತಾಷ್ಕೆಂಟಿನ ಒಪ್ಪಂದ ಇವೇ ಮೊದಲು ನೆನಪಿಗೆ ಬರುತ್ತವೆ. ಆದರೆ ಮುಂಬಯಿಯ ಚಾಳುಗಳಲ್ಲಿ ಬೆಳೆದ ನಮಗೆ, ಅಂದರೆ ಆಗ ಶಾಲೆಗೆ ಹೋಗುತ್ತಿದ್ದ ಕನ್ನಡ ಮಕ್ಕಳಿಗೆ, ಆ ವರ್ಷವು ಉಳಿದಿರುವುದು ಕಿಟಕಿಗೆ ಅಂಟಿಸಿದ ಕರಿಯ ಕಾಗದದಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ ಮತ್ತು ಗ್ಯಾಲರಿಯಲ್ಲಿ ಸಾಲಾಗಿ ಇರಿಸಿದ್ದ ಡಾಲ್ಡಾ ಡಬ್ಬಗಳಲ್ಲಿ.

ನಮ್ಮ ಹಿರಿಯರಿಗೆ ಇದೇನೂ ಹೊಸದಾಗಿರಲಿಲ್ಲ. 1942ರಲ್ಲಿ ಬರ್ಮಾ ಜಪಾನೀಯರ ಕೈವಶವಾಗಿ ಅಲ್ಲಿಯ ಅಕ್ಕಿ ಬರುವುದು ನಿಂತಾಗ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿ ಹುಟ್ಟಿತು. 1943ರಲ್ಲಿ ಮುಂಬಯಿಗೆ ರೇಷನ್ ಬಂದಿತು. ಆ ಕಾಲದ ಕಾರ್ಡನ್ನು ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ ಅಜ್ಜಿಯರೂ ಇದ್ದರು. ಯಾವ ಉಪಯೋಗಕ್ಕೆಂದು ನಾವು ಕೇಳಲಿಲ್ಲ.

1965ರ ಸಂಕಟವು ಎರಡು ಕಡೆಯಿಂದ ಬಂದಿತು. ಒಂದು ಕಡೆ ಯುದ್ಧ, ಇನ್ನೊಂದು ಕಡೆ ಮಳೆಯ ಮುನಿಸು. 1964-65ರಲ್ಲಿ ಸುಮಾರು 8.9 ಕೋಟಿ ಟನ್ ಇದ್ದ ದೇಶದ ಧಾನ್ಯದ ಉತ್ಪತ್ತಿ ಮರುವರ್ಷ 7.2 ಕೋಟಿ ಟನ್ನಿಗೆ ಇಳಿಯಿತು. ಅಮೆರಿಕೆಯ ಪಿ.ಎಲ್. 480 ಕಾನೂನಿನ ಮೇರೆಗೆ ಬರುತ್ತಿದ್ದ ಗೋಧಿಯೇ ಆಧಾರವಾಗಿದ್ದ ಆ ಹೊತ್ತಿನಲ್ಲಿ ಅಧ್ಯಕ್ಷ ಜಾನ್ಸನ್ ಅದನ್ನು ವರ್ಷದ ಲೆಕ್ಕ ಬಿಟ್ಟು ತಿಂಗಳ ಲೆಕ್ಕದಲ್ಲಿ ಅಳೆದು ಕೊಡತೊಡಗಿದರು. ಹಡಗು ಬಂದರೆ ಊಟ, ಬಾರದಿದ್ದರೆ ಇಲ್ಲ ಎಂಬಂತಾಯಿತು. ಸಾಲ ಕೊಡುವ ಸಾಹುಕಾರನು ಮುಖ ನೋಡಿ ಸೇರು ಅಳೆಯುವುದನ್ನು ನಮ್ಮ ಹಳ್ಳಿಗಳಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಜನರನ್ನು ಕೇಳಿಕೊಂಡದ್ದು ಇಂಥ ಸಮಯದಲ್ಲಿ. ಮೊದಲು ತಮ್ಮ ಮನೆಯವರಿಂದಲೇ ಅದನ್ನು ಆಚರಿಸಿ ನೋಡಿದರೆಂಬುದು ಪ್ರಸಿದ್ಧವಾದ ಸಂಗತಿ. ದಿಲ್ಲಿಯ ಜನಪಥದ ತಮ್ಮ ನಿವಾಸದ ಹಸಿರು ಹಾಸನ್ನು ಉಳಿಸಿ ಬಿತ್ತನೆಗೂ ಕೈಹಾಕಿದರು. ಸೋಮವಾರ ಸಂಜೆ ಹೋಟೆಲುಗಳು ಬಾಗಿಲು ಮುಚ್ಚಿದವು. ಅಲ್ಲಿ ದುಡಿದು ಅಲ್ಲಿಯೇ ಮಲಗುತ್ತಿದ್ದ ನಮ್ಮ ದಕ್ಷಿಣ ಕನ್ನಡದ ಹುಡುಗರಿಗೆ ಅಂದು ಓದಲು ಒಂದಿಷ್ಟು ಬಿಡುವು ದೊರೆಯಿತು. ಮನೆಗಳಲ್ಲಿಯಂತೂ ಹೆಂಗಸರಿಗೆ ಸೋಮವಾರದ ಒಪ್ಪೊತ್ತು ಮೊದಲೇ ರೂಢಿಯಲ್ಲಿದ್ದ ವ್ರತ. “ಇಷ್ಟು ದಿನ ಶಿವನಿಗಾಗಿ ಇದ್ದೆವು, ಇನ್ನು ದೇಶಕ್ಕಾಗಿಯೂ ಇರೋಣ” ಎಂದು ಅವರು ನಗುತ್ತಿದ್ದರು. ಕಷ್ಟವಾದದ್ದು ಗಂಡಸರಿಗೆ.

ಇನ್ನು ಡಬ್ಬಗಳ ವಿಷಯ. ಚಾಳಿನಲ್ಲಿ ಅಂಗೈಯಗಲ ನೆಲವೂ ನಮ್ಮದಲ್ಲ. ಬರಿದಾದ ಡಾಲ್ಡಾ ಡಬ್ಬ, ಸೀಮೆಎಣ್ಣೆಯ ಡಬ್ಬಗಳ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಕಟ್ಟಡ ಕಟ್ಟುವಲ್ಲಿಂದ ಮಣ್ಣು ಹೊತ್ತು ತಂದು, ಎಮ್ಮೆಯ ತಬೇಲೆಯಿಂದ ಸಗಣಿ ತಂದು ಬೆರೆಸಿದ್ದಾಯಿತು. ನಲ್ಲಿಯಲ್ಲಿ ನೀರು ಬರುತ್ತಿದ್ದುದೇ ಗಳಿಗೆಯ ಲೆಕ್ಕದಲ್ಲಿ; ಆದ್ದರಿಂದ ಗಿಡಕ್ಕೆ ಸಿಕ್ಕುತ್ತಿದ್ದುದು ಅಕ್ಕಿ ತೊಳೆದ ನೀರು, ಅಕ್ಕಿಯಿಲ್ಲದ ವಾರ ಬೇಳೆ ತೊಳೆದ ನೀರು. ಬೀಜಗಳು ಬಂದದ್ದು ಊರಿನಿಂದ. 1964ರಲ್ಲಿ ರಾಜ್ಯ ರಾಜ್ಯಕ್ಕೂ ಅಕ್ಕಿಯ ವಲಯ ಬೇರೆಯಾಗಿ, ಗಡಿ ದಾಟಿಸಿ ಅಕ್ಕಿ ತರುವುದಕ್ಕೆ ನಿರ್ಬಂಧವಿತ್ತು. ಮಗಳ ಮನೆಗೆಂದು ತವರಿನವರು ಕಟ್ಟಿಕೊಟ್ಟ ಅಕ್ಕಿಯ ಗಂಟು ದಾರಿಯಲ್ಲಿ ಉಳಿಯಬಹುದಿತ್ತು. ಆದರೆ ಸೀರೆಯ ಸೆರಗಿಗೆ ಗಂಟುಹಾಕಿದ ಹರಿವೆಯ ಬೀಜ, ಹೀರೆಯ ಬೀಜವನ್ನು ಯಾರು ತಡೆದಾರು? ಬಸಳೆಗೆ ಬೀಜವೂ ಬೇಡ, ಒಂದು ಗೇಣು ಕಾಂಡ ಸಾಕು. ಮಂಗಳೂರಿನವರು ಬಸಳೆಯನ್ನು ಧಾರವಾಡದವರಿಗೆ ಕೊಟ್ಟರು, ಧಾರವಾಡದವರು ಮೆಂತ್ಯದ ಪಲ್ಯವನ್ನು ಕಲಿಸಿದರು. ಪಕ್ಕದ ಮನೆಯ ಮರಾಠಿ ಮಾವಶಿ ಎರಡನ್ನೂ ಬೇಡವೆನ್ನಲಿಲ್ಲ. ದಿಲ್ಲಿಯ ಪೂಸಾ ಸಂಸ್ಥೆಯಲ್ಲಿ ರೂಪುಗೊಂಡ ಪೂಸಾ ಸಾವನಿ ಬೆಂಡೆ ಆ ಕಾಲದಲ್ಲಿ ಹೆಸರಾಗಿತ್ತು. ಹಳದಿ ರೋಗವನ್ನು ತಡೆಯುವುದೇ ಅದರ ಹಿರಿಮೆ. ಆದರೆ ನಮ್ಮ ಗ್ಯಾಲರಿಯ ಬಿಸಿಲಿನಲ್ಲಿ ಬೆಂಡೆಯು ಮೂರು ಕಾಯಿಗಿಂತ ಹೆಚ್ಚು ಬಿಟ್ಟದ್ದನ್ನು ನಾವು ಕಾಣೆವು.

ಈ ಡಬ್ಬಗಳು ದೇಶದ ಹಸಿವನ್ನು ನೀಗಿದವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಕೊರತೆ ಬಿದ್ದದ್ದು ಧಾನ್ಯಕ್ಕೆ. ಸೊಪ್ಪಿನಿಂದ ಹೊಟ್ಟೆ ತುಂಬದು. 1966ರಲ್ಲಿ ಒಂದು ಕೋಟಿ ಟನ್ನಿಗೂ ಮೇಲ್ಪಟ್ಟು ಧಾನ್ಯವನ್ನು ಹೊರಗಿನಿಂದ ತರಿಸಬೇಕಾಯಿತು. ಅದರ ಜೊತೆಗೆ ಬಂದ ಮೈಲೋ ಎಂಬ ಕೆಂಪು ಜೋಳದ ರೊಟ್ಟಿಯನ್ನು ವಿಜಾಪುರದ ಬಿಳಿ ಜೋಳ ಉಂಡ ಬಾಯಿಗೆ ಹೊಂದಿಸುವುದು ಸುಲಭವಾಗಿರಲಿಲ್ಲ. ಅದನ್ನು ಇಳಿಸಲು ಬೇಕಾದದ್ದು ತಟ್ಟೆಯ ಅಂಚಿನಲ್ಲಿ ಒಂದು ಹಿಡಿ ಹಸಿರು ಪಲ್ಯ. ಅಷ್ಟರಮಟ್ಟಿಗೆ ಡಬ್ಬದ ತೋಟವು ತನ್ನ ಕೆಲಸವನ್ನು ಮಾಡಿತು. ಇನ್ನೊಂದು ಮಾತು: ಸಂಬಳದ ಕೊನೆಯ ವಾರದಲ್ಲಿ ತರಕಾರಿಯವನ ಮುಂದೆ ನಿಂತು ಬೆಲೆ ಕೇಳಿ ಹಿಂತಿರುಗುವ ಅವಮಾನವು ಎಷ್ಟೋ ಮನೆಗಳಲ್ಲಿ ತಪ್ಪಿತು. ಮಕ್ಕಳಾದ ನಮಗೆ ಅದು ತಿಳಿದದ್ದು ಬಹಳ ತಡವಾಗಿ.

1966ರ ಜನವರಿ 11ರಂದು ಶಾಸ್ತ್ರಿಗಳು ತಾಷ್ಕೆಂಟಿನಲ್ಲಿ ತೀರಿಕೊಂಡರು. ಸೋಮವಾರದ ನಿಯಮವನ್ನು ಕೆಲವು ಮನೆಗಳು ಅವರ ನೆನಪಿಗೆಂದೇ ಬಹುಕಾಲ ನಡೆಸಿಕೊಂಡು ಬಂದವು. ಅದೇ ವರ್ಷ, ಸಿ. ಸುಬ್ರಹ್ಮಣ್ಯಂ ಆಹಾರ ಮಂತ್ರಿಗಳಾಗಿದ್ದಾಗ, ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ಬಂದಿತು. 1968ರಲ್ಲಿ ಗೋಧಿಯ ಸುಗ್ಗಿ ಎಷ್ಟು ಹುಲುಸಾಗಿ ಒದಗಿತೆಂದರೆ ಸರಕಾರವು ಅದಕ್ಕೊಂದು ಅಂಚೆ ಚೀಟಿಯನ್ನೇ ಹೊರಡಿಸಿತು. ಆ ಹೊತ್ತಿಗೆ ನಮ್ಮ ಗ್ಯಾಲರಿಯಲ್ಲಿ ಬೆಂಡೆ, ಹೀರೆಗಳು ಒಂದೊಂದಾಗಿ ಮರೆಯಾಗಿ, ತುಕ್ಕು ಹಿಡಿದ ಡಬ್ಬಗಳಲ್ಲಿ ತುಲಸಿ, ದೊಡ್ಡಪತ್ರೆ ಮತ್ತು ಯಾರು ಕಿತ್ತರೂ ಮತ್ತೆ ಚಿಗುರುವ ಆ ಬಸಳೆ ಮಾತ್ರ ಉಳಿದಿದ್ದವು.