ವಾಡೆಯಿಂದ ಫ್ಲ್ಯಾಟಿಗೆ: ಪುಣೆಯ ಮನೆಗಳಲ್ಲಿ ಧ್ವನಿಯ ಚರಿತ್ರೆ

ಮನೆಯೊಳಗೆ ಯಂತ್ರದ ಮೂಲಕ ಹಾಡು ಕೇಳುವ ಹಾಗೂ ಚಲನಚಿತ್ರ ನೋಡುವ ರೂಢಿಯ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ವಂಶಾವಳಿಯಾಗಿಯೇ ಬರೆಯಲಾಗುತ್ತದೆ. ಗ್ರಾಮಫೋನಿನ ಬಳಿಕ ರೇಡಿಯೊ, ಅದರ ಬಳಿಕ ಟೇಪ್ ರೆಕಾರ್ಡರ್, ಸ್ಟೀರಿಯೊ, ಕೊನೆಗೆ ಹೋಮ್ ಥಿಯೇಟರ್ ಎಂಬ ಕ್ರಮದಲ್ಲಿ ಅದು ಸಾಗುತ್ತದೆ. ಪುಣೆಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸಿದಾಗ ಈ ವಂಶಾವಳಿಯಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿರುವುದು ಗೊತ್ತಾಗುತ್ತದೆ. ಯಂತ್ರವನ್ನು ಇಟ್ಟ ಕೋಣೆಯೇ ಆ ಸಂಗತಿ. ಕೋಣೆಯ ಗೋಡೆ, ನೆಲ, ಚಾವಣಿಗಳು ಬದಲಾದಂತೆಲ್ಲ ಒಂದೇ ಹಾಡು ಬೇರೆಯಾಗಿ ಕೇಳಿಸಿದೆ, ಮತ್ತು ಇಂದು ಹೋಮ್ ಥಿಯೇಟರ್ ಕೊಂಡವರು ಹೇಳಿಕೊಳ್ಳುವ ದೂರುಗಳಲ್ಲಿ ಬಹುಪಾಲಿನ ಮೂಲ ಈ ನಗರದ ಮನೆಗಳು ಕಳೆದ ಅರುವತ್ತು ವರ್ಷಗಳಲ್ಲಿ ಬದಲಾದ ರೀತಿಯಲ್ಲೇ ಇದೆ.

ಪೇಶ್ವೆಗಳ ಕಾಲದಿಂದ ಪುಣೆಯ ಪೇಠೆಗಳಲ್ಲಿ, ಎಂದರೆ ಶನಿವಾರ, ಬುಧವಾರ, ಸದಾಶಿವ ಮುಂತಾದ ಹೆಸರಿನ ಹಳೆಯ ಮೊಹಲ್ಲಾಗಳಲ್ಲಿ, ಉಳ್ಳವರು ಕಟ್ಟಿಸಿಕೊಂಡ ಮನೆಗೆ ವಾಡೆ ಎಂದು ಹೆಸರು. ಕಲ್ಲಿನ ತಳಪಾಯ, ತೇಗದ ಕಂಬ-ತೊಲೆಗಳ ಚೌಕಟ್ಟು, ಇಟ್ಟಿಗೆ ಮತ್ತು ಮಣ್ಣಿನ ದಪ್ಪ ಗೋಡೆ, ಹಲಗೆ ಹಾಸಿದ ಅಟ್ಟ, ನಡುವೆ ಆಕಾಶಕ್ಕೆ ತೆರೆದ ಚೌಕ, ಇವು ಅದರ ಲಕ್ಷಣಗಳು. ಕಲಬುರಗಿ ಜಿಲ್ಲೆಯ ಶಹಾಬಾದಿನಿಂದ ಹೋದ ಕಲ್ಲುಚಪ್ಪಡಿ ಮಹಾರಾಷ್ಟ್ರದಲ್ಲಿ ಇಂದಿಗೂ ‘ಶಹಾಬಾದಿ ಫರಶಿ’ ಎಂಬ ಹೆಸರಿನಲ್ಲೇ ಮನೆಗಳ ನೆಲವಾಗಿದೆ. ಮಣ್ಣಿನ ಗಿಲಾವು ಧ್ವನಿಯನ್ನು ಒಂದಿಷ್ಟು ಹೀರುತ್ತದೆ, ಮರದ ಹಲಗೆಯ ಅಟ್ಟ ತಾನೇ ಸ್ವಲ್ಪ ಕಂಪಿಸಿ ಮಂದ್ರಸ್ಥಾಯಿಯ ಗುಂಯ್‌ಗುಡುವಿಕೆಯನ್ನು ತಗ್ಗಿಸುತ್ತದೆ, ಜಮಖಾನೆ, ಗಾದಿ, ಲೋಡುಗಳನ್ನು ಹಾಸಿ ಕೇಳುಗರನ್ನು ಒತ್ತೊತ್ತಾಗಿ ಕೂರಿಸಿದ ಬೈಠಕ್ಕಿನಲ್ಲಿ ಪ್ರತಿಧ್ವನಿಗೆ ಜಾಗವೇ ಉಳಿಯುವುದಿಲ್ಲ. ತಂಬೂರಿ ಮತ್ತು ಕಂಠಕ್ಕೆ ಇದಕ್ಕಿಂತ ಹಿತವಾದ ಕೋಣೆಯನ್ನು ಲೆಕ್ಕ ಹಾಕಿ ಕಟ್ಟುವುದೂ ಕಷ್ಟ.

ಈ ಕೋಣೆಗಳಿಗೆ ಹಾಡನ್ನು ತಂದವರಲ್ಲಿ ಕನ್ನಡ ನಾಡಿನವರ ಪಾಲು ದೊಡ್ಡದು. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ ‘ಶಾಕುಂತಲ’ 1880ರಲ್ಲಿ ರಂಗವೇರಿದ್ದು ಪುಣೆಯಲ್ಲಿ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ನಡೆಸಿದರು; ಅವರ ಶಿಷ್ಯರಾದ ಕುಂದಗೋಳದ ರಾಮಭಾವು, ಎಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿ. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಗದಗಿನಲ್ಲಿದ್ದಾಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿಯ ಮುದ್ರಿಕೆಯನ್ನು ಕೇಳಿ ಗುರುವನ್ನು ಹುಡುಕುತ್ತ ಮನೆ ಬಿಟ್ಟರೆಂಬುದು ಸಂಗೀತಪ್ರಿಯರಿಗೆಲ್ಲ ತಿಳಿದ ವಿಚಾರ. ಆ ಮುದ್ರಿಕೆಯ ಮಿತಿಯನ್ನು ನೆನೆದರೆ ಈ ಘಟನೆಯ ಮಹತ್ವ ಇನ್ನೂ ಹೆಚ್ಚುತ್ತದೆ. ಅರಗಿನ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು, ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. 1925ಕ್ಕೆ ಮೊದಲು ಗಾಯಕರು ಮೈಕಿನ ಬದಲು ತುತ್ತೂರಿಯಂಥ ಕಹಳೆಯೊಳಗೆ ಹಾಡಬೇಕಿದ್ದು, ಅದರಲ್ಲಿ ಮೂಡುತ್ತಿದ್ದ ಧ್ವನಿಯ ಮೇಲಿನ ಎಲ್ಲೆ ಎರಡು ಸಾವಿರ ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತಿತ್ತು. ಹರ್ಟ್ಸ್ ಎಂದರೆ ಸೆಕೆಂಡಿಗೆ ಒಂದು ಕಂಪನ. ಗಂಡು ಧ್ವನಿಗೆ ಕರಿ ಒಂದರ ಶ್ರುತಿಗೆ ಕೂಡಿಸಿದ ತಂಬೂರಿಯ ಖರಜದ ತಂತಿ ಸುಮಾರು 69 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ; ಕಹಳೆ ತೀರ ಕೆಳಗಿನ ಸ್ವರಗಳನ್ನೂ ಹಿಡಿಯುತ್ತಿರಲಿಲ್ಲವಾದ್ದರಿಂದ ಅದರ ಮುದ್ರಿಕೆಗಳಲ್ಲಿ ಆ ಮೂಲಸ್ವರ ಸಿಕ್ಕುತ್ತಲೇ ಇರಲಿಲ್ಲ. ಕೇಳುಗನ ಕಿವಿ ಮೇಲಿನ ಅನುಸ್ವರಗಳಿಂದ ಅದನ್ನು ತಾನೇ ತುಂಬಿಕೊಳ್ಳುತ್ತಿತ್ತು. ಯಂತ್ರ ಬಡವಾಗಿದ್ದ ಆ ಕಾಲದಲ್ಲಿ ಕಿವಿಯೂ ಕೋಣೆಯೂ ಅದಕ್ಕೆ ಹೆಗಲು ಕೊಟ್ಟಿದ್ದವು.

ಚಿತ್ರಮಂದಿರದ ಧ್ವನಿ ಪುಣೆಯ ಕಿವಿಯನ್ನು ಇನ್ನೊಂದು ಬಗೆಯಲ್ಲಿ ತಿದ್ದಿತು. 1929ರಲ್ಲಿ ಕೊಲ್ಹಾಪುರದಲ್ಲಿ ಆರಂಭವಾದ ಪ್ರಭಾತ್ ಫಿಲ್ಮ್ ಕಂಪನಿ 1933ರಲ್ಲಿ ಪುಣೆಗೆ ಬಂದಿತು. ಅದರ ಪಾಲುದಾರರಲ್ಲಿ ಒಬ್ಬರಾದ ವಿಷ್ಣುಪಂತ ದಾಮಲೆಯವರು ಧ್ವನಿಮುದ್ರಣ ವಿಭಾಗವನ್ನು ನೋಡಿಕೊಳ್ಳುತ್ತಿದ್ದರು. ಫತ್ತೇಲಾಲರ ಜೊತೆಗೂಡಿ ಅವರು ನಿರ್ದೇಶಿಸಿದ ‘ಸಂತ ತುಕಾರಾಮ’ 1936ರಲ್ಲಿ ತೆರೆಕಂಡು, ಮರುವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಗೌರವ ಪಡೆಯಿತು. ಧ್ವನಿಯನ್ನು ಬಲ್ಲವರೊಬ್ಬರು ನಿರ್ದೇಶಕರೂ ಆದದ್ದು ಆ ಚಿತ್ರದ ಅಭಂಗಗಳ ಸ್ಪಷ್ಟತೆಗೆ ಕಾರಣವೆಂದು ಭಾವಿಸುವುದರಲ್ಲಿ ತಪ್ಪಿಲ್ಲ. 1953ರಲ್ಲಿ ಪ್ರಭಾತ್ ಮುಚ್ಚಿತು. 1960ರಲ್ಲಿ ಅದೇ ಆವರಣದಲ್ಲಿ ಕೇಂದ್ರ ಸರ್ಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಗಿ ಧ್ವನಿಮುದ್ರಣವೂ ಅಲ್ಲಿ ಕಲಿಕೆಯ ವಿಷಯವಾಯಿತು. ಗಿರೀಶ ಕಾರ್ನಾಡರು 1974-75ರಲ್ಲಿ ಅದರ ನಿರ್ದೇಶಕರಾಗಿದ್ದರು, ಗಿರೀಶ ಕಾಸರವಳ್ಳಿಯವರು ಅದೇ ಅವಧಿಯ ವಿದ್ಯಾರ್ಥಿ. 2009ರಲ್ಲಿ ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರದ ಧ್ವನಿಮಿಶ್ರಣಕ್ಕಾಗಿ ಆಸ್ಕರ್ ಪಡೆದವರಲ್ಲಿ ಒಬ್ಬರಾದ ರಸೂಲ್ ಪೂಕುಟ್ಟಿ ಕೂಡ ಇಲ್ಲಿಯೇ ಕಲಿತವರು.

ರೇಡಿಯೊದ ಅಧ್ಯಾಯವನ್ನು ಇಲ್ಲಿ ಬೇಗನೆ ದಾಟಬಹುದು. ಆಕಾಶವಾಣಿಯ ಪುಣೆ ಕೇಂದ್ರ 1953ರ ಅಕ್ಟೋಬರ್ 2ರಂದು ಆರಂಭವಾಯಿತು, ಸವಾಯಿ ಗಂಧರ್ವರ ಪುಣ್ಯಸ್ಮರಣೆಯ ಸಂಗೀತೋತ್ಸವ ನಡೆಯತೊಡಗಿದ್ದೂ ಅದೇ ವರ್ಷ. ವಾಲ್ವ್ ರೇಡಿಯೊದ ಮರದ ಪೆಟ್ಟಿಗೆಯಲ್ಲಿ ಇದ್ದುದು ಸಾಮಾನ್ಯವಾಗಿ ಒಂದೇ ಸ್ಪೀಕರು, ಅದನ್ನು ಇಡುತ್ತಿದ್ದುದು ಗೋಡೆಯ ಹಲಗೆಯ ಮೇಲೆ. ಎಲ್ಲಿ ಕುಳಿತು ಕೇಳಬೇಕೆಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಕೋಣೆಯನ್ನು ಬದಲಿಸಿದ್ದು ನೀರು. 1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದು, ಅದರ ರಭಸಕ್ಕೆ ಖಡಕವಾಸಲಾ ಅಣೆಕಟ್ಟೂ ತಾಳದೆ, ಮುಠಾ ನದಿಯ ದಂಡೆಯ ಪೇಠೆಗಳಿಗೆ ನೀರು ನುಗ್ಗಿದಾಗ ಮಣ್ಣಿನ ಗೋಡೆಯ ವಾಡೆಗಳು ನೆನೆದು ಕುಸಿದವು. ಆಮೇಲಿನ ದಶಕಗಳಲ್ಲಿ ನಗರ ಹೊರಕ್ಕೆ ಬೆಳೆಯಿತು, ಸಹಕಾರಿ ಗೃಹನಿರ್ಮಾಣ ಸಂಘಗಳೂ ಅಪಾರ್ಟ್‌ಮೆಂಟುಗಳೂ ಹೆಚ್ಚಿದವು, ಉಳಿದ ವಾಡೆಗಳೂ ಒಂದೊಂದಾಗಿ ಬಹುಮಹಡಿ ಕಟ್ಟಡಗಳಿಗೆ ಎಡೆಮಾಡಿಕೊಟ್ಟವು. ಮಣ್ಣು-ಮರದ ಜಾಗಕ್ಕೆ ಕಾಂಕ್ರೀಟು, ಸಿಮೆಂಟ್ ಗಿಲಾವು, ಮೊಸಾಯಿಕ್, ಮುಂದೆ ನುಣುಪಾದ ವಿಟ್ರಿಫೈಡ್ ಟೈಲು ಬಂದವು. ಧ್ವನಿಯ ದೃಷ್ಟಿಯಿಂದ ಇವೆಲ್ಲ ಒಂದೇ ಜಾತಿಗೆ ಸೇರಿದವು, ತಮ್ಮ ಮೇಲೆ ಬಿದ್ದ ಸದ್ದನ್ನು ಬಹುತೇಕ ಹಾಗೆಯೇ ಹಿಂದಿರುಗಿಸುತ್ತವೆ.

ಇದರ ಪರಿಣಾಮವನ್ನು ಲೆಕ್ಕದಲ್ಲೇ ತೋರಿಸಬಹುದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸೆಬೈನ್ ಎಂಬ ಭೌತವಿಜ್ಞಾನಿ 1895ರಿಂದ ಮುಂದಿನ ವರ್ಷಗಳಲ್ಲಿ, ಮಾತು ಅರ್ಥವಾಗದ ಉಪನ್ಯಾಸ ಕೊಠಡಿಯೊಂದಕ್ಕೆ ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ದಿಂಬುಗಳನ್ನು ಹೊರಿಸಿ ತಂದು, ಎಷ್ಟು ದಿಂಬಿಗೆ ಎಷ್ಟು ಪ್ರತಿಧ್ವನಿ ತಗ್ಗುತ್ತದೆಂದು ಅಳೆದರು. ಸದ್ದು ನಿಂತ ಮೇಲೆ ಅದರ ಅನುರಣನ 60 ಡೆಸಿಬೆಲ್‌ನಷ್ಟು ಇಳಿಯಲು ಹಿಡಿಯುವ ಸಮಯವು ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಧ್ವನಿಯನ್ನು ಹೀರುವ ಒಟ್ಟು ವಿಸ್ತಾರದಿಂದ ಭಾಗಿಸಿದಷ್ಟು ಸೆಕೆಂಡು ಎಂಬುದು ಅವರು ಕಂಡುಕೊಂಡ ಸೂತ್ರ. ನಾಲ್ಕೂವರೆ ಮೀಟರ್ ಉದ್ದ, 3.6 ಮೀಟರ್ ಅಗಲ, 2.9 ಮೀಟರ್ ಎತ್ತರದ ಫ್ಲ್ಯಾಟಿನ ಹಾಲಿನ ಘನಗಾತ್ರ ಸುಮಾರು 47 ಘನಮೀಟರ್. ಬರಿದಾದ ಗೋಡೆ-ನೆಲಗಳ ನಡುವೆ ಹೀರುವ ವಿಸ್ತಾರ 5 ಚದರ ಮೀಟರಿನಷ್ಟಿದ್ದರೆ ಅನುರಣನ ಒಂದೂವರೆ ಸೆಕೆಂಡು ಉಳಿಯುತ್ತದೆ. ಸೋಫಾ, ದಪ್ಪ ಪರದೆ, ರತ್ನಗಂಬಳಿ, ಪುಸ್ತಕದ ಕಪಾಟುಗಳಿಂದ ಅದು 15ಕ್ಕೆ ಏರಿದರೆ ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಮೊದಲ ಸ್ಥಿತಿಯಲ್ಲಿ ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬಿದ್ದು ಮಾತು ಕಲಸಿಹೋಗುತ್ತದೆ, ಎರಡನೆಯದರಲ್ಲಿ ಮಾತು ಬಿಡಿಬಿಡಿಯಾಗಿ ಕೇಳಿಸುತ್ತದೆ. ‘ಹೊಡೆದಾಟದ ಸದ್ದು ಕಿವಿಗೆ ಬಡಿಯುತ್ತದೆ, ಡೈಲಾಗ್ ಮಾತ್ರ ಕೇಳಿಸುವುದಿಲ್ಲ’ ಎಂಬ ಇಂದಿನ ಸಾರ್ವತ್ರಿಕ ದೂರಿನ ಅರ್ಧ ಕಾರಣ ಈ ಲೆಕ್ಕದಲ್ಲೇ ಇದೆ.

ಕೋಣೆ ಕೆಡುತ್ತ ಹೋದ ಇದೇ ಕಾಲದಲ್ಲಿ ಯಂತ್ರ ಸುಧಾರಿಸುತ್ತ ಬಂದಿತು. ಎರಡು ಸ್ಪೀಕರುಗಳಿಂದ ಧ್ವನಿಗೆ ಎಡ-ಬಲದ ಹರವು ಕೊಡುವ ಸ್ಟೀರಿಯೊ ಪದ್ಧತಿಗೆ ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ 1931ರಲ್ಲೇ ಪೇಟೆಂಟ್ ಕೋರಿದ್ದರೂ ಸ್ಟೀರಿಯೊ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು 1958ರ ಸುಮಾರಿಗೆ. ವಿದೇಶಿ ಉಪಕರಣಗಳ ಆಮದಿಗೆ ಬಿಗಿ ನಿರ್ಬಂಧವಿದ್ದ ದಶಕಗಳಲ್ಲಿ ಕಾಸ್ಮಿಕ್, ಸೋನೋಡೈನ್‌ನಂಥ ದೇಶೀ ಕಂಪನಿಗಳ ಸ್ಟೀರಿಯೊ ಮಧ್ಯಮವರ್ಗದ ಮನೆಯ ಹೆಮ್ಮೆಯಾಗಿತ್ತು. ಅದೂ ಕೈಗೆಟುಕದವರು ಬುಧವಾರ ಪೇಠೆಯ ತಾಪಕೀರ್ ಗಲ್ಲಿಗೆ ಹೋಗುತ್ತಿದ್ದರು. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳಿಗೆ ಇಂದಿಗೂ ಹೆಸರಾದ ಈ ಇಕ್ಕಟ್ಟಿನ ಓಣಿಯಲ್ಲಿ ಟ್ರಾನ್ಸ್‌ಫಾರ್ಮರು, ಖಾಲಿ ಕ್ಯಾಬಿನೆಟ್ಟು, ಬಿಡಿ ವೂಫರು, ಬೆಸುಗೆ ಹಾಕಿ ಸಿದ್ಧಪಡಿಸಿದ ಆಂಪ್ಲಿಫೈಯರ್ ಬೋರ್ಡು ಎಲ್ಲವೂ ಬಿಡಿಬಿಡಿಯಾಗಿ ಸಿಕ್ಕುತ್ತವೆ. 4440 ಎಂಬ ಸಂಖ್ಯೆಯ ಐಸಿಯನ್ನು ಕೂರಿಸಿದ ಬೋರ್ಡು ಭಾರತದ ಉದ್ದಗಲಕ್ಕೂ ಇಂಥ ಓಣಿಗಳ ಆಸ್ತಿ. ಕಂಪನಿಯ ಮೊಹರಿಲ್ಲದ ಈ ‘ಅಸೆಂಬಲ್ಡ್’ ಪೆಟ್ಟಿಗೆಗಳನ್ನು ಕೀಳಾಗಿ ಕಾಣುವುದು ಸರಿಯಲ್ಲ. ಒಂದು ಇಡೀ ಪೀಳಿಗೆ ಧ್ವನಿಯಂತ್ರದ ಒಳಗನ್ನು ಬಿಚ್ಚಿ ನೋಡಿ ಕಲಿತದ್ದು ಇವುಗಳಿಂದಲೇ.

ಕೋಣೆಯ ನಾಲ್ಕೂ ದಿಕ್ಕಿನಿಂದ ಧ್ವನಿ ಬರುವ ಪದ್ಧತಿಯ ಜೊತೆಗೆ ಹೆಸರು ಬೆಸೆದುಕೊಂಡ ರೇ ಡಾಲ್ಬಿಯವರಿಗೂ ಭಾರತದ ನಂಟಿದೆ. 1963ರಿಂದ 1965ರವರೆಗೆ ಅವರು ಯುನೆಸ್ಕೊದ ತಾಂತ್ರಿಕ ಸಲಹೆಗಾರರಾಗಿ ಭಾರತದಲ್ಲಿದ್ದರು. 1965ರಲ್ಲಿ ಲಂಡನ್ನಿನಲ್ಲಿ ತಮ್ಮ ಪ್ರಯೋಗಾಲಯವನ್ನು ಸ್ಥಾಪಿಸಿ, ಟೇಪಿನ ಸುಯ್ ಎನ್ನುವ ಸದ್ದನ್ನು ಅಡಗಿಸುವ ತಂತ್ರವನ್ನು ಬಳಕೆಗೆ ತಂದರು. ಅವರ ಕಂಪನಿಯ ಸರೌಂಡ್ ಪದ್ಧತಿ 1982ರಲ್ಲಿ ಮನೆಗಳಿಗೆ ಬಂದಿತು, ಡಿಜಿಟಲ್ ರೂಪ 1992ರಲ್ಲಿ ಚಿತ್ರಮಂದಿರಗಳಿಗೆ ಬಂದು ಆಮೇಲೆ ಡಿವಿಡಿಯ ಮೂಲಕ ಮನೆ ಹೊಕ್ಕಿತು. 5.1 ಎಂಬ ಸಂಖ್ಯೆಯಲ್ಲಿ ಐದು ಎಂದರೆ ಮುಂದಿನ ಎಡ, ಬಲ, ನಡು ಮತ್ತು ಪಕ್ಕದ ಎರಡು ಸ್ಪೀಕರುಗಳು. ದಶಮಾಂಶದ ಒಂದು ಎಂದರೆ ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ಗುಡುಗಿಗೆಂದೇ ಮೀಸಲಾದ ವಾಹಿನಿ, ಅದನ್ನು ನುಡಿಸುವ ಪೆಟ್ಟಿಗೆ ಸಬ್‌ವೂಫರ್. ಗ್ರಾಹಕ ವಸ್ತುಗಳ ಆಮದಿನ ಮೇಲಿದ್ದ ಪ್ರಮಾಣ ನಿರ್ಬಂಧಗಳು 2001ರ ಏಪ್ರಿಲಿನಲ್ಲಿ ತೆರವಾದವು. ಹಿಂಜವಡಿಯ ಐಟಿ ಕಂಪನಿಗಳ ಸಂಬಳ ಪುಣೆಯ ಹೊಸ ಬಡಾವಣೆಗಳಿಗೆ ಹರಿಯತೊಡಗಿದ್ದೂ ಆ ವರ್ಷಗಳಲ್ಲೇ. ಹೋಮ್ ಥಿಯೇಟರ್ ಮನೆಮಾತಾದದ್ದು ಹೀಗೆ.

ಈ ಉಪಕರಣವನ್ನು ಕೂರಿಸುವ ಕ್ರಮಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಆಧಾರವಾಗಿದೆ. ಕೇಳುಗನ ಮುಖದ ನೇರಕ್ಕೆ ನಡುವಿನ ಸ್ಪೀಕರು, ಅದರಿಂದ 30 ಡಿಗ್ರಿ ಎಡಕ್ಕೂ ಬಲಕ್ಕೂ ಮುಂದಿನ ಎರಡು, 100ರಿಂದ 120 ಡಿಗ್ರಿಯಲ್ಲಿ, ಎಂದರೆ ಕಿವಿಗಿಂತ ತುಸು ಹಿಂದೆ, ಪಕ್ಕದ ಎರಡು. ಸೋಫಾವನ್ನು ಹಿಂದಿನ ಗೋಡೆಗೆ ಆನಿಸಿಯೇ ಇಡುವ ನಮ್ಮ ಮನೆಗಳಲ್ಲಿ ಪಕ್ಕದ ಸ್ಪೀಕರುಗಳಿಗೆ ಜಾಗವಿಲ್ಲದೆ ಅವು ಟಿವಿಯ ಮೇಲೋ ಶೋಕೇಸಿನಲ್ಲೋ ಸೇರಿಕೊಳ್ಳುವುದು ಸಾಮಾನ್ಯ; ಆಗ ಹಣ ಕೊಟ್ಟು ಕೊಂಡ ಸರೌಂಡ್ ಪರಿಣಾಮವೇ ಇಲ್ಲವಾಗುತ್ತದೆ. ಧ್ವನಿ ಒಂದು ಮಿಲಿಸೆಕೆಂಡಿನಲ್ಲಿ ಕ್ರಮಿಸುವ ದೂರ ಸುಮಾರು 34 ಸೆಂಟಿಮೀಟರ್ ಆದ್ದರಿಂದ ಪ್ರತಿ ಸ್ಪೀಕರಿನ ದೂರವನ್ನು ಟೇಪಿನಿಂದ ಅಳೆದು ರಿಸೀವರಿಗೆ, ಎಂದರೆ ಆಂಪ್ಲಿಫೈಯರ್ ಇರುವ ಮುಖ್ಯ ಪೆಟ್ಟಿಗೆಗೆ, ತಿಳಿಸಬೇಕು. ಸಬ್‌ವೂಫರಿನ ವಿಷಯ ಹೆಚ್ಚು ಸೂಕ್ಷ್ಮವಾದದ್ದು. ನಾಲ್ಕೂವರೆ ಮೀಟರ್ ಉದ್ದದ ಕೋಣೆ 38 ಹರ್ಟ್ಸ್‌ನ ಆಸುಪಾಸಿನಲ್ಲಿ, 3.6 ಮೀಟರ್ ಅಗಲ 48ರ ಆಸುಪಾಸಿನಲ್ಲಿ ತಾನೇ ಅನುರಣಿಸುತ್ತದೆ. ಮೂಲೆಯಲ್ಲಿಟ್ಟ ಸಬ್‌ವೂಫರ್ ಇವೆರಡನ್ನೂ ಕೆರಳಿಸುವುದರಿಂದ ಒಂದು ಕುರ್ಚಿಯಲ್ಲಿ ಎದೆ ನಡುಗಿದರೆ ಪಕ್ಕದ ಕುರ್ಚಿಯಲ್ಲಿ ಏನೂ ಕೇಳಿಸದು. ಪೆಟ್ಟಿಗೆಯನ್ನು ತಾತ್ಕಾಲಿಕವಾಗಿ ಕೇಳುಗನ ಆಸನದ ಮೇಲಿಟ್ಟು, ಮಂದ್ರ ನಾದವುಳ್ಳ ಹಾಡೊಂದನ್ನು ಹಚ್ಚಿ, ಗೋಡೆಯ ಬುಡದಲ್ಲಿ ಅಂಬೆಗಾಲಿಕ್ಕುತ್ತ ನಾದ ಸಮನಾಗಿ ಕೇಳುವ ಜಾಗವನ್ನು ಗುರುತಿಸಿ, ಆ ಜಾಗದಲ್ಲೇ ಅದನ್ನು ಇಡುವ ಉಪಾಯ ಬಲ್ಲವರಲ್ಲಿ ರೂಢಿಯಲ್ಲಿದೆ.

ದೋಷಗಳನ್ನು ಪತ್ತೆಹಚ್ಚುವ ವಿದ್ಯೆ ಬಹುಮಟ್ಟಿಗೆ ರೇಡಿಯೊ ರಿಪೇರಿಯವರಿಂದ ಬಂದ ಬಳುವಳಿ. ಗುಂಯ್ ಎಂಬ ಎಡೆಬಿಡದ ಸದ್ದು ಭಾರತದ 50 ಹರ್ಟ್ಸ್ ವಿದ್ಯುತ್ತಿನದು. ಕೇಬಲ್ ಟಿವಿಯ ತಂತಿಯನ್ನು ಕಳಚಿದ ಕೂಡಲೇ ಅದು ನಿಂತರೆ, ಎರಡು ಬೇರೆ ಬೇರೆ ಅರ್ಥಿಂಗುಗಳು ಸೇರಿ ಕುಣಿಕೆಯಾಗಿರುವುದು ಖಚಿತ. ಅದಕ್ಕೆ ಆ ತಂತಿಯ ಹಾದಿಯಲ್ಲಿ ಐಸೋಲೇಟರ್ ಹಾಕುವುದೇ ಪರಿಹಾರ. ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತು ಗುಂಯ್‌ಗುಡುವಿಕೆಯನ್ನು ನಿಲ್ಲಿಸುವವರು ಜೀವಕ್ಕೇ ಅಪಾಯ ತಂದುಕೊಳ್ಳುತ್ತಾರೆ. ಎರಡು ಸ್ಪೀಕರುಗಳಲ್ಲಿ ಒಂದರ ತಂತಿ ಕೆಂಪು-ಕಪ್ಪು ಅದಲುಬದಲಾಗಿದ್ದರೆ ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದು ಮಂದ್ರನಾದ ಮಾಯವಾಗುತ್ತದೆ. ಇದನ್ನು ಪರೀಕ್ಷಿಸಲು ಕುಶಲಕರ್ಮಿಗಳು ರಿಸೀವರಿನಿಂದ ಬಿಡಿಸಿದ ವೂಫರಿನ ತಂತಿಗೆ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಕ್ಷಣಕಾಲ ತಾಗಿಸುತ್ತಾರೆ. ಕೆಂಪು ತಂತಿಗೆ ಸೆಲ್ಲಿನ ಧನಾಗ್ರ ತಗುಲಿದಾಗ ಕೋನು ಮುಂದಕ್ಕೆ ಉಬ್ಬಿದರೆ ಜೋಡಣೆ ಸರಿ, ಒಳಕ್ಕೆ ಸೇದಿದರೆ ತಿರುವುಮುರುವು. ಮಾತು ಅಸ್ಪಷ್ಟವಾಗಿದ್ದರೆ ನಡುವಿನ ಸ್ಪೀಕರನ್ನು ಎರಡು-ಮೂರು ಡೆಸಿಬೆಲ್ ಏರಿಸಿ, ಟೈಲಿನ ಮೇಲೆ ದಪ್ಪ ಕಂಬಳಿ ಹಾಸಿದರೆ ಸಾಕಾಗುವುದುಂಟು.

ನೆರೆಮನೆಯ ಪ್ರಶ್ನೆ ಇದಕ್ಕೆ ಹೊರತಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಬೆಳಗಿನ ಜಾವದವರೆಗೂ ನಡೆಯುತ್ತಿದ್ದ ಸವಾಯಿ ಗಂಧರ್ವ ಉತ್ಸವವೂ ಈ ಕಾರಣಕ್ಕೆ ತನ್ನ ವೇಳಾಪಟ್ಟಿ ಬದಲಿಸಿಕೊಳ್ಳಬೇಕಾಯಿತು. ಕಾಂಕ್ರೀಟ್ ಸ್ಲ್ಯಾಬಿನ ಮೂಲಕ ಮೊದಲು ದಾಟುವುದು ಮಂದ್ರ ಕಂಪನವಾದ್ದರಿಂದ ಸಬ್‌ವೂಫರಿನ ಕೆಳಗೆ ರಬ್ಬರಿನ ದಪ್ಪ ಹಾಸು ಹಾಕುವುದು ನೆರೆಯವರಿಗೆ ಸಲ್ಲಬೇಕಾದ ಮರ್ಯಾದೆ.

ಪ್ರಭಾತ್ ಚಿತ್ರಗಳನ್ನು ಮತ್ತು ಭೀಮಸೇನರ ಆರಂಭದ ಮುದ್ರಿಕೆಗಳನ್ನು ಇಂಥ ವ್ಯವಸ್ಥೆಯಲ್ಲಿ ಕೇಳುವವರಿಗೆ ಒಂದು ವಿಶೇಷ ಎಚ್ಚರ ಅಗತ್ಯ. ಅವೆಲ್ಲ ಮೋನೊ, ಎಂದರೆ ಒಂದೇ ವಾಹಿನಿಯಲ್ಲಿ ಮುದ್ರಿತವಾದವು. ರಿಸೀವರಿನಲ್ಲಿರುವ ‘ಹಾಲ್’, ‘ಸ್ಟೇಡಿಯಂ’ ಮೊದಲಾದ ಆಯ್ಕೆಗಳು ಅವುಗಳಿಗೆ ಮೂಲದಲ್ಲಿಲ್ಲದ ಪ್ರತಿಧ್ವನಿಯನ್ನು ಬೆರೆಸುತ್ತವೆ. ಆ ಆಯ್ಕೆಗಳನ್ನೆಲ್ಲ ಆಫ್ ಮಾಡಿ, ಸಬ್‌ವೂಫರನ್ನು ತಗ್ಗಿಸಿ, ನಡುವಿನ ಸ್ಪೀಕರೊಂದಕ್ಕೇ ಧ್ವನಿಯನ್ನು ಒಪ್ಪಿಸಿದರೆ ದಾಮಲೆಯವರು ಮುದ್ರಿಸಿದ ಅಭಂಗದ ಮಾತು ಅಕ್ಷರ ಅಕ್ಷರವಾಗಿ ಕಿವಿಗೆ ಸಿಕ್ಕುತ್ತದೆ.